ಸೊಂಯ್ ಅನ್ನುವ ಮರಳುಗಾಡು

ನಿನ್ನೆಯಿಂದ ನಮ್ಮನೆಯ ಟೀಪಾಯಿ ಮೇಲೆ ಒಂದು ಮರಳುಗಾಡು ಬಂದು ಕೂತಿದೆ. ಥರ್ಮಾಕೋಲಿನ ತಟ್ಟೆ, ಅದರ ತುಂಬ ಜರಡಿ ಹಿಡಿದ ಮರಳು, ಪೊರಕೆ ಕಡ್ಡಿಗೆ ಹಸಿರು ಕಾಗದ ಅಂಟಿಸಿದ ಖರ್ಜೂರದ ಮರ, ಒಂದು ಪ್ಲಾಸ್ಟಿಕ್ ಒಂಟೆ. ಮೊಮ್ಮಗಳ ಶಾಲೆಯ ಪ್ರಾಜೆಕ್ಟು. "ಅಜ್ಜಿ, ಮರಳುಗಾಡು ಅಂದ್ರೆ ಖಾಲಿ ಜಾಗ ಅಲ್ಲ, ಗೊತ್ತಾ? ಇಬ್ಬನಿ ಕುಡಿದು ಬದುಕೋ ಹುಳ ಐತೆ ಅಲ್ಲಿ. ದೊಡ್ಡ ಕಿವಿ ನರಿ ಐತೆ. ಒಂದು ಮಳೆ ಬಿದ್ರೆ ಸಾಕು, ಹೂ ಅರಳ್ತಾವೆ," ಅಂತ ನನಗೇ ಪಾಠ ಮಾಡಿದಳು. ಹೂಂ ಅಂದೆ. ಅವಳು ಅತ್ತ ಹೋದ ಮೇಲೆ ಟೀಪಾಯಿ ಒರೆಸೋಣ ಅಂತ ತಟ್ಟೆಯನ್ನು ಒಂಚೂರು ಓರೆ ಮಾಡಿದೆ ನೋಡಿ, ಮರಳು ಸರ್ ಅಂತ ಒಂದು ಕಡೆ ಸರಿಯಿತು. ಅಷ್ಟಕ್ಕೇ ನನ್ನ ಎದೆ ಧಸಕ್ಕೆಂದಿತು. ನಗಬೇಡಿ. ಮೊಮ್ಮಕ್ಕಳನ್ನು ಕಂಡ ಹೆಂಗಸು ಆಟದ ಮರಳಿಗೆ ಹೆದರುತ್ತಾಳೆ ಅಂದರೆ ಅದಕ್ಕೊಂದು ಕಾರಣ ಇರಬೇಕಲ್ಲ, ಸ್ವಲ್ಪ ಕೂತು ಕೇಳಿ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನಮಾಜು ಮಾಡುತ್ತೇವೆ, ಮನೆಯಲ್ಲಿ ಆಡುವುದು ಕನ್ನಡ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ, ಮೂಗಿನ ತುಂಬ ಹತ್ತಿಯ ದೂಳು ತುಂಬಿಕೊಂಡು. ಮರಳುಗಾಡು ಅಂದರೆ ನನಗೆ ಏಳನೇ ಕ್ಲಾಸಿನ ಪುಸ್ತಕದ ಒಂದು ಚಿತ್ರ, ಅಷ್ಟೇ. ಬೀದಿಗೆ ಒಂದು ಸಲ ಒಂಟೆ ಬಂದಿತ್ತು, ಮಕ್ಕಳನ್ನು ಹತ್ತಿಸಿಕೊಂಡು ಒಂದು ಸುತ್ತು ಹಾಕಿಸುತ್ತಿದ್ದರು. ನಾನು ಹತ್ತಿರ ಹೋದರೆ ಅದು ನನ್ನ ಮುಖಕ್ಕೇ ಸೀನಿತು. ಆಮೇಲೆ ಮದುವೆಯಾಗಿ ಹರಿಹರಕ್ಕೆ ಬಂದೆ. ಅತ್ತೆ ಸಂಜೆ ಹೊತ್ತು ಅಕ್ಕಿ ಆರಿಸುತ್ತಾ ಕತೆ ಹೇಳುತ್ತಿದ್ದರು. ಆ ಕತೆಗಳ ಮರಳುಗಾಡು ಬೇರೆಯೇ. ಅದು ದೊಡ್ಡವರು ನಡೆದಾಡಿದ ಪವಿತ್ರ ನೆಲ. ಅಲ್ಲಿ ಒಬ್ಬ ತಾಯಿ ಬಾಯಾರಿದ ಕೂಸನ್ನು ಮಲಗಿಸಿ, ನೀರಿಗಾಗಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಓಡುತ್ತಾಳೆ, ಓಡುತ್ತಾಳೆ, ಕೊನೆಗೆ ಕೂಸಿನ ಕಾಲ ಬುಡದಲ್ಲೇ ನೀರು ಉಕ್ಕುತ್ತದೆ. ಆ ಉಕ್ಕುವ ಜಾಗಕ್ಕೆ ಬಂದಾಗ ಅತ್ತೆಯ ಮುಖ ನೋಡಬೇಕಿತ್ತು ನೀವು.

ನಮ್ಮನೆಯವರು ಆಗ ದಾವಣಗೆರೆಯ ಹತ್ತಿ ಲಾರಿ ಓಡಿಸುತ್ತಿದ್ದರು. ಹೆಸರು ಕೇಳಬೇಡಿ, ಈ ವಯಸ್ಸಿನಲ್ಲೂ ಬರೆಯೋಕೆ ಕೈ ಓಡಲ್ಲ. ಮಾಯಕೊಂಡದ ಬಾಷಾ ಅಂತ ಅವರ ಗೆಳೆಯ. ಎಂಬತ್ತರ ದಶಕದ ಶುರುವಿನಲ್ಲಿ ಊರೂರಿನ ಹುಡುಗರು ಅರಬ್ ದೇಶಗಳಿಗೆ ಹೊರಟಿದ್ದರಲ್ಲ, ಹಾಗೇ ಬಾಷಾನೂ ಹೋದ, ಅಲ್ಲಿಂದ ಇವರನ್ನೂ ಕರೆಸಿಕೊಂಡ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮರಳುಗಾಡಿನ ನಡುವೆ ಎಲ್ಲೋ ಪೈಪ್‌ಲೈನ್ ಹಾಕುವವರ ಕ್ಯಾಂಪು, ಅಲ್ಲಿಗೆ ನೀರಿನ ಟ್ಯಾಂಕರ್ ಓಡಿಸುವ ಕೆಲಸ. "ನೀರು ಕೊಡೋ ಕೆಲಸ, ಪುಣ್ಯದ ಕೆಲಸ," ಅಂದರು ಅತ್ತೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಬಾಷಾ ರಜೆಗೆ ಬಂದ. ಇವರು ಕಳಿಸಿದ ಟೂ-ಇನ್-ವನ್ ಮತ್ತು ಒಂದು ಕ್ಯಾಸೆಟ್ ತಂದಿದ್ದ. ಆಗ ಅದೇ ಪತ್ರ. ಎಲ್ಲರೂ ಸುತ್ತ ಕೂತೆವು. ಬಟನ್ ಒತ್ತಿದ ಕೂಡಲೇ ಸೊಂಯ್ ಅಂತ ಒಂದು ಸದ್ದು, ಅದರೊಳಗಿಂದ ಇವರ ದನಿ. "ಅವ್ವಾ, ಆರಾಮಿದೀನಿ. ಅಪ್ಪಾ, ಆರಾಮಿದೀನಿ." ಅತ್ತೆ ಟೇಪ್ ರೆಕಾರ್ಡರಿನ ತಲೆ ಸವರಿ ನೆಟಿಗೆ ಮುರಿದರು. ನನಗೆ ಮಾತು ಯಾವುದೂ ತಲೆಗೆ ಹೋಗಲಿಲ್ಲ. ಆ ಸೊಂಯ್ ಮಾತ್ರ ಕೇಳುತ್ತಿತ್ತು. ಇದೇ ಮರಳುಗಾಡಿನ ಗಾಳಿ, ಹಗಲೂ ರಾತ್ರಿ ಹೀಗೇ ಬೀಸುತ್ತದೆ, ಇವರು ಉಸಿರು ತಗೊಳ್ಳುವ ಸಂದಿಯಲ್ಲೂ ಬಿಡದೆ ಬೀಸುತ್ತದೆ ಅಂದುಕೊಂಡು ಸೆರಗು ಬಿಗಿಯಾಗಿ ಹೊದ್ದುಕೊಂಡೆ.

ಬಾಷಾ ವಾಪಸು ಹೋಗುವ ಮೊದಲು ನಮ್ಮ ಮಾತನ್ನೂ ತುಂಬಿ ಕಳಿಸಬೇಕಲ್ಲ. ಅತ್ತೆ ಊರಿನ ವರದಿಯನ್ನೆಲ್ಲ ಕೂಗಿ ಹೇಳಿದರು, ಮೆತ್ತಗೆ ಹೇಳಿದರೆ ಅಷ್ಟು ದೂರ ಮುಟ್ಟಲ್ಲ ಅನ್ನೋ ಲೆಕ್ಕ. ಭಾನುವಳ್ಳಿಯಿಂದ ಹಾಲು ತರುತ್ತಿದ್ದ ಗೌರಮ್ಮನೂ ಬಗ್ಗಿ, "ಏನಪ್ಪಾ ಮಾಬೂಸಾಬಾ, ಹೆಂಗಿದೀಯ? ಅಲ್ಲಿ ಒಂಟೆ ಹಾಲು ಕುಡೀತಾರಂತೆ ಹೌದಾ? ನನ್ನ ಎಮ್ಮೆ ಹಾಲು ಮರೀಬ್ಯಾಡ ಮತ್ತೆ!" ಅಂದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ, ಗಂಡನ ಗೆಳೆಯ, ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದ ಮಾವ, ಇಷ್ಟು ಜನದ ಮುಂದೆ ಗಂಡನ ಹತ್ತಿರ ಏನಂತ ಮಾತಾಡೋದು ಹೇಳಿ? ಬಾಯಿಗೆ ಬೀಗ ಬಿತ್ತು. ಟೇಪು ತಿರುಗುತ್ತಲೇ ಇತ್ತು. "ಮಾತಾಡೇ, ನಾಚಿಕೆ ಯಾಕ?" ಅಂತ ಅತ್ತೆ ಮೊಣಕೈಯಲ್ಲಿ ತಿವಿದರು. ಗಂಟಲು ಸರಿಮಾಡಿಕೊಂಡೆ. ಅಷ್ಟೇ. ಕಡೆಗೆ ಬಾಷಾ ಬಟನ್ ಒತ್ತಿ ನಿಲ್ಲಿಸಿದ.

ಸರಿಯಾಗಿ ತುಂಬಿದೆಯಾ ಅಂತ ಹಾಕಿ ನೋಡಿದೆವು. ನನ್ನ ಪಾಳಿ ಬಂದಾಗ, ಸೊಂಯ್! ಅದೇ ಸದ್ದು. ನಮ್ಮ ಹರಿಹರದ ಅಡುಗೆಮನೆಯಲ್ಲಿ!

"ಇದು ಅಲ್ಲಿಯ ಗಾಳಿ ಅಲ್ವಾ ಅಣ್ಣಾ?" ಅಂದುಬಿಟ್ಟೆ.

ಬಾಷಾ ಬಿದ್ದು ಬಿದ್ದು ನಕ್ಕ. "ಎಲ್ಲೀ ಗಾಳಿ ತಂಗೀ, ಅದು ಟೇಪಿನ ಸದ್ದು. ಯಾರೂ ಮಾತಾಡದಿದ್ರೆ ಅದು ಹಂಗೇ ಅಂತೈತೆ." ಇನ್ನೊಂದು ಸಲ ತುಂಬೋಣ ಅನ್ನುವಷ್ಟರಲ್ಲಿ ಅವನ ಬಸ್ಸಿನ ಹೊತ್ತಾಯಿತು. ಕ್ಯಾಸೆಟ್ ಹಾಗೇ ಹೋಯಿತು, ನನ್ನದೊಂದು ಮಾತೂ ಇಲ್ಲದೆ.

ಆ ಬೇಸಿಗೆಯಲ್ಲಿ ಒಂದು ದಿನ ಬಾಷಾನ ತಮ್ಮ ಮಾಯಕೊಂಡದಿಂದ ಬಂದ. ಕೂಡ್ರಪ್ಪಾ ಅಂದರೆ ಕೂಡಲಿಲ್ಲ. ಅಣ್ಣನ ಕಾಗದ ಬಂದಿದೆ ಅಂದ. ದೂಳಿನ ಬಿರುಗಾಳಿ ಎದ್ದಿತ್ತಂತೆ, ಇವರ ಟ್ಯಾಂಕರ್ ಕ್ಯಾಂಪಿಗೆ ಮುಟ್ಟಿಲ್ಲವಂತೆ, ಹುಡುಕುತ್ತಿದ್ದಾರಂತೆ. ಅಷ್ಟೇ ಬರೆದು ಪೋಸ್ಟ್ ಮಾಡಿದ್ದ. ಕಾಗದ ಬಂದು ಮುಟ್ಟಲು ಹದಿನೈದು ದಿನ ಹಿಡಿಯುತ್ತಿದ್ದ ಕಾಲ ಅದು. ಅಂದರೆ ನಾವು ಅಲ್ಲಾನ ಮುಂದೆ ಸೆರಗೊಡ್ಡುವ ಹೊತ್ತಿಗೆ ಅಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ. ನಾನು ಹೆಂಡತಿಯೋ, ಇನ್ನೇನೋ, ನನಗೇ ಗೊತ್ತಿಲ್ಲ, ಯಾರನ್ನು ಕೇಳುವುದು? ಬದುಕಿಲ್ಲದಿದ್ದರೆ, ಆ ಮನುಷ್ಯ ನನ್ನ ಬಾಯಿಂದ ಒಂದು ಮಾತೂ ಕೇಳದೆ ಹೋದರಲ್ಲ ಅಂತ ಒಲೆ ಮುಂದೆ ಕೂತು ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದೆ.

ಬಟ್ಟೆ ಒಗೆಯಲು ಹೊಳೆಗೆ ಹೋಗಲೇಬೇಕಿತ್ತು. ಬೇಸಿಗೆಯ ತುಂಗಭದ್ರೆಯನ್ನು ನೋಡಿದ್ದೀರಲ್ಲ? ನೀರು ಆ ದಡಕ್ಕೆ ಹೋಗಿ ಮುದುರಿಕೊಂಡಿರುತ್ತದೆ, ಈ ಕಡೆಯೆಲ್ಲ ಮರಳೋ ಮರಳು. ದಿನಾ ದಾಟುತ್ತಿದ್ದ ಮರಳೇ. ಆ ದಿನ ನಡುವಿನಲ್ಲಿ ಗಾಳಿ ಎದ್ದಿತು. ಮರಳು ಹಾವಿನ ಹಾಗೆ ನೆಲದ ಮೇಲೇ ಹರಿಯತೊಡಗಿತು. ಹಿಂದಿರುಗಿ ನೋಡಿದರೆ ನನ್ನ ಹೆಜ್ಜೆಯೇ ಇಲ್ಲ, ಹಾಕಿದ ಹಾಗೆ ಹಾಕಿದ ಹಾಗೆ ಮುಚ್ಚಿಹೋಗುತ್ತಿವೆ. ಎದುರಿಗೆ ಸೇತುವೆ ಇದೆ, ಬಸ್ಸು ಹೋಗುತ್ತಿದೆ, ಕರಬೂಜದ ಬಳ್ಳಿ ಕಾಯುವವರು ಕೂಗುತ್ತಿದ್ದಾರೆ, ಆದರೂ ನನಗೆ ಪ್ರಾಣ ಬಾಯಿಗೆ ಬಂತು. ಬಟ್ಟೆಗಂಟು ಅಲ್ಲೇ ಬಿಸಾಕಿ ಮನೆಗೆ ಓಡಿದೆ. ಅತ್ತೆ ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಆ ಸಂಜೆ ಅಕ್ಕಿ ಆರಿಸುತ್ತಾ ತಾವಾಗಿಯೇ ಕತೆ ಶುರು ಮಾಡಿದರು. ಆ ತಾಯಿ ಈ ಗುಡ್ಡದಿಂದ ಆ ಗುಡ್ಡಕ್ಕೆ ಓಡಿದಳು, ಓಡಿದಳು... ಅಲ್ಲಿಗೇ ನಿಂತರು. ನೀರು ಉಕ್ಕುವ ಜಾಗಕ್ಕೆ ಬರಲೇ ಇಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದರು. ಅಲ್ಲಿಯವರೆಗೆ ಅತ್ತೆಗೆ ಹೆದರಿಕೆಯೇ ಇಲ್ಲ ಅಂದುಕೊಂಡು ಅವರ ಧೈರ್ಯದ ಮೇಲೆ ನಾನು ಕೂತಿದ್ದೆ. ಅದೂ ಹೋಯಿತು.

ಆಮೇಲೆ ಬಾಷಾನ ತಮ್ಮ ಮತ್ತೆ ಬಂದ. ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡ, ನೀರು ಕೊಡ್ರಿ ಅಂದ. ಅತ್ತೆ ಕಂಬ ಹಿಡಿದುಕೊಂಡು, "ನೀರು ಆಮ್ಯಾಲೆ. ಏನೈತೆ ಹೇಳಿಬಿಡಪ್ಪಾ," ಅಂದರು.

"ಸಿಕ್ಕಾರಂತ್ರೀ. ಆರಾಮಿದಾರಂತೆ."

"ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಅದನ್ನ ಹೇಳಿ ಬೆವರು ಒರೆಸ್ಕೋಬಾರ್ದಾ?" ಅಂತ ಅವನಿಗೆ ಎರಡು ಬಾರಿಸಿ, ಅವನನ್ನೇ ತಬ್ಬಿಕೊಂಡು ಅತ್ತರು. ಮಜಾ ನೋಡಿ, ಮೊದಲನೆ ಕಾಗದ ನಮ್ಮ ಕೈಗೆ ಬರುವ ಎಷ್ಟೋ ದಿನ ಮುಂಚೆಯೇ ಇವರು ಸಿಕ್ಕಿದ್ದರು. ನಾವು ಹೆದರಿದ್ದೆಲ್ಲ ಮುಗಿದುಹೋದ ಕತೆಗೆ.

ಮರುವರ್ಷ ಇವರು ಬಂದರು, ಮತ್ತೆ ಹೋಗಲಿಲ್ಲ. ದಾವಣಗೆರೆಯಲ್ಲಿ ಮನೆ ಮಾಡಿ ಮತ್ತೆ ಹತ್ತಿ ಲಾರಿ ಹತ್ತಿದರು. ಆ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಒಂದು ಮಧ್ಯಾಹ್ನ ಊಟ ಮಾಡುತ್ತಾ ನಾನೇ ಕೇಳಿದೆ, "ಬಾಯಾರಿಕೆಗೆ ಏನು ಮಾಡಿದ್ರಿ?"

"ಬಾಯಾರಿಕೆ ಎಲ್ಲೀದೇ? ಟ್ಯಾಂಕರ್ ತುಂಬ ನೀರು," ಅಂದರು. "ಗಾಳಿ ನಿಂತ ಮೇಲೆ ದಾರಿ ಅನ್ನೋದೇ ಇರ್ಲಿಲ್ಲ. ಸದ್ದೂ ಇರ್ಲಿಲ್ಲ. ಒಂದು ನಾಯಿ ಇಲ್ಲ, ಎಲೆ ಇಲ್ಲ. ನನ್ನ ಕಿವೀನೇ ಕುಯ್ಯೋ ಅಂತಿತ್ತು. ಹುಚ್ಚು ಹಿಡೀತೈತೆ ಅನ್ನಿಸ್ತು. ಎಲ್ಲಿಗಾದ್ರೂ ಸೈ, ನಡೆದುಬಿಡೋಣ ಅಂತ ಎಷ್ಟು ಸಲ ಬಾಗಿಲು ತೆಗೆದೆ ಗೊತ್ತಾ? ಹಂಗೆ ನಡೆದು ಹೋದೋರು ಯಾರೂ ಸಿಕ್ಕಿಲ್ಲ. ಗಾಡೀಲಿ ಟೇಪ್ ಇತ್ತು. ನಿಮ್ಮ ಕ್ಯಾಸೆಟ್ ಹಾಕ್ದೆ."

"ಅತ್ತೆ ಮಾತು ಕೇಳಿದ್ರಾ?"

"ಅವ್ವಂದು ಕೇಳಿದ್ರೆ ಅಳು ಬರ್ತಿತ್ತು, ಟೇಪು ಮುಂದಕ್ಕೆ ಓಡಿಸಿಬಿಡ್ತಿದ್ದೆ. ನೀನು ಸುಮ್ನೆ ಕೂತಿದ್ದೆಯಲ್ಲ, ಅದನ್ನ ಹಾಕ್ಕೋತಿದ್ದೆ. ಹಿಂದೆ ಅಪ್ಪ ಹತ್ತಿ ಹಿಂಜೋದು ಕೇಳ್ತಿತ್ತು. ನಿನ್ನ ಬಳೆ ಒಂದ್ಸಲ ಸದ್ದಾಯ್ತು. ನೀನು ಗಂಟಲು ಸರಿ ಮಾಡ್ಕೊಂಡೆ. ಈಗ ಮಾತಾಡ್ತಾಳೆ, ಈಗ ಮಾತಾಡ್ತಾಳೆ ಅಂತ ಕಾಯ್ದೆ. ಮುಗೀತಿತ್ತು, ಮತ್ತೆ ಹಿಂದಕ್ಕೆ ತಿರುಗಿಸ್ತಿದ್ದೆ. ಕಂಪನಿ ಜೀಪು ಬರೋವರೆಗೂ ಗಾಡಿ ಬಿಟ್ಟು ಇಳೀಲಿಲ್ಲ."

ಅವತ್ತಿನಿಂದ ನನ್ನ ಬಾಯಿ ಮುಚ್ಚಿದ್ದು ಕಡಿಮೆ. ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ, ಗೋಳಾಡುತ್ತಾರೆ.

ಈಗ ಹೇಳಬೇಕಾದ್ದು ಇನ್ನೊಂದಿದೆ. ಇಷ್ಟು ವರ್ಷದ ಲಾರಿ ಇಂಜಿನ್ನು ಇವರ ಕಿವಿ ತಿಂದುಹಾಕಿದೆ. ಬಲಗಿವಿ ಆಗಲೇ ಹೋಯಿತು. ಎಡಗಿವಿಯೂ ಹೆಚ್ಚು ದಿನ ಉಳಿಯಲ್ಲಮ್ಮ, ಮಷೀನು ಹಾಕಿದರೂ ಅಷ್ಟಕ್ಕಷ್ಟೇ ಅಂತ ಡಾಕ್ಟರು ಹೋದ ವಾರ ಹೇಳಿದರು. ಇವರಿಗೆ ಅದು ಕೇಳಿಸಿತೋ ಇಲ್ಲವೋ, ತಲೆ ಅಲ್ಲಾಡಿಸಿದರು. ಆಟೋದಲ್ಲಿ ಬರುವಾಗ ನನ್ನ ಕೈ ಹಿಡಿದುಕೊಂಡರು. ಬೀದಿಯಲ್ಲಿ ಎಂದೂ ಹಿಡಿದವರಲ್ಲ. ಸದ್ದೇ ಇಲ್ಲದ ಆ ಜಾಗ ಇವರನ್ನು ಹುಡುಕಿಕೊಂಡು ದಾವಣಗೆರೆಯವರೆಗೂ ಬಂತಲ್ಲ, ಈ ಸಲ ಯಾವ ಜೀಪು ಬಂದೀತು ಅಂತ ನನಗೆ ಒಂದೇ ಸಮನೆ ಹೆದರಿಕೆ.

ಇವತ್ತು ಬೆಳಿಗ್ಗೆ ಬೀನ್ಸು ಬಿಡಿಸುತ್ತಾ ಅವರ ಎಡಗಡೆಗೆ ಕೂತಿದ್ದೆ. ಗೋಡೆ ನೋಡುತ್ತಿದ್ದವರು ಒಮ್ಮೆಲೇ ಬೆಚ್ಚಿ ನನ್ನ ಕಡೆ ತಿರುಗಿದರು.

"ಏನಾದ್ರೂ ಅಂದ್ಯಾ?"

ನಾನು ಏನೂ ಅಂದಿರಲಿಲ್ಲ.

"ಹೂಂ ರೀ, ಅಂದೆ," ಅಂತ ಅವರ ಕಿವಿಯ ಹತ್ತಿರ ಬಗ್ಗಿ ಮಾತು ಶುರು ಮಾಡಿದೆ.