ಕತ್ತಲೆ ಬಳಿಯುವ ಮೆಲಿತ್ತಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಥೆನ್ಸಿನ ಕುಂಬಾರಗೇರಿಯಲ್ಲಿ ನಾಯಿಗಳು ಕೂಡ ಎದ್ದಿಲ್ಲ. ಮೆಲಿತ್ತಾ ಮಾತ್ರ ಬಾಗಿಲ ಬಳಿ ಕೂತು, ಹಸಿ ಹೂಜಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ವೀರ ಹೆರಾಕ್ಲೀಸನ ಕಂಕುಳಿಗೆ ಕುಂಚ ಆಡಿಸುತ್ತಿದ್ದಾಳೆ. "ಕಚಗುಳಿ ಆಗೋ ಜಾಗ, ಹುಷಾರಾಗಿ ಬಳೀಬೇಕು" ಎನ್ನುತ್ತಾಳೆ, ಪಕ್ಕದಲ್ಲಿ ಕೂತ ನನಗೆ.

ಚಿತ್ರದ ಗೆರೆ ಎಳೆಯುವವನು ಯಜಮಾನ ಫಿಲಿನೋಸ್. ದೇವರು, ವೀರರು, ರಾಕ್ಷಸರು ಎಲ್ಲ ಅವನ ಪಾಲು. ಅವರ ಸುತ್ತ ಮಿಕ್ಕ ಜಾಗಕ್ಕೆಲ್ಲ ಕಪ್ಪು ತುಂಬುವುದು ಮೆಲಿತ್ತಾಳ ಕೆಲಸ. ಕಪ್ಪು ಅಂತ ಹೆಸರಿಗಷ್ಟೇ. ಬಳಿಯುವಾಗ ಅದು ಬರೀ ಕೆಂಪು ಮಣ್ಣಿನ ನೀರು, ಕಪ್ಪಾಗುವುದು ಆವಿಗೆಯಲ್ಲಿ ಬೆಂದ ಮೇಲೆ. ಹಾಗಾಗಿ ಗೆರೆ ದಾಟಿ ಬಳಿದ ಎಡವಟ್ಟು ಬಯಲಾಗುವುದೂ ಆಮೇಲೆಯೇ. ಪಾತ್ರೆಯ ಬುಡದಲ್ಲಿ 'ಫಿಲಿನೋಸ್ ಬರೆದ' ಎಂದಿರುತ್ತದೆ. ಬಳಿದವರ ಹೆಸರು ಎಲ್ಲೂ ಇಲ್ಲ.

ಗಂಡ ಇದೇ ಮನೆಯಲ್ಲಿ ತಿಗರಿ ತಿರುಗಿಸುತ್ತಿದ್ದ. ಅವನು ಹೋದ ಮೇಲೆ ಈಕೆ ಮೊದಲು ಮಣ್ಣು ತುಳಿದಳು, ಮೊಣಕಾಲು ಕೈಕೊಟ್ಟಾಗ ಕುಂಚ ಹಿಡಿದಳು. ಹೋದ ಸಲ ಚಿತ್ರದಲ್ಲಿದ್ದ ವೀರ ಥೀಸಿಯಸ್‌ನ ಒಂದು ಕಿವಿಯೇ ಕಪ್ಪಿನಲ್ಲಿ ಮಾಯವಾಯಿತು. "ಪಾಪ, ಅವನೇನೂ ಅನ್ನಲಿಲ್ಲ. ಕೇಳಿಸಿರಲಿಕ್ಕಿಲ್ಲ" ಎನ್ನುತ್ತಾಳೆ. ಆದರೆ ಫಿಲಿನೋಸ್ ಸುಮ್ಮನಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಮತ್ತೆ ಮಣ್ಣು ತುಳಿಯಲು ಕಳಿಸುತ್ತೇನೆ ಎಂದಿದ್ದಾನೆ. ಇವತ್ತು ಆವಿಗೆ ತೆಗೆಯುವ ದಿನ. ಆಕೆಗೆ ಭಯವಿದೆ, ಜವೆರೊಟ್ಟಿ ಮುಟ್ಟದೆ ಹಾಗೇ ಒಣಗುತ್ತಿದೆ.

ಬಿಸಿಲೇರುವ ಹೊತ್ತಿಗೆ, ದೃಷ್ಟಿಬೊಂಬೆ ಕಟ್ಟಿದ ಆವಿಗೆಯ ಬಾಯಿ ತೆರೆಯುತ್ತದೆ. ರಾತ್ರಿಯ ಔತಣಕ್ಕೆಂದು ಹೂಜಿ ಒಯ್ಯಲು ಎಣ್ಣೆ ವ್ಯಾಪಾರಿ ತಿಮೊಲಾಸ್ ಆಗಲೇ ಬಂದು ನಿಂತಿದ್ದಾನೆ. ಹೋದ ವಾರ ಮೆಲಿತ್ತಾ ಬಳಿದಿದ್ದ ಅವನ ಹೂಜಿ ಹೊರಬರುತ್ತದೆ. ಚಿತ್ರ ಸೊಗಸಾಗಿದೆ: ಪಾತಾಳದ ಮೂರು ತಲೆಯ ನಾಯಿಯನ್ನು ಹೆರಾಕ್ಲೀಸ್ ಎಳೆದು ತಂದಿದ್ದಾನೆ, ತರಲು ಕಳಿಸಿದ್ದ ರಾಜನೇ ಹೆದರಿ ಹರವಿಯೊಳಗೆ ಅಡಗಿದ್ದಾನೆ. ನಾಯಿಗೆ ಮಾತ್ರ ಎರಡೇ ತಲೆ.

ತಿಮೊಲಾಸ್ ಬೆರಳಿಟ್ಟು ಎಣಿಸುತ್ತಾನೆ. ಮತ್ತೆ ಎಣಿಸುತ್ತಾನೆ. ಫಿಲಿನೋಸನ ಮುಖ ನೋಡಿದರೆ ಅವನೂ ಯಾವುದಾದರೂ ಹರವಿ ಹುಡುಕುತ್ತಿರುವಂತಿದೆ.

"ಅಕ್ಕಾ, ನಾನು ಮೂರು ಬರೆದಿದ್ದೆ."

"ಮೂರೂ ಇದೆ ಕಣಪ್ಪ" ಎನ್ನುತ್ತಾಳೆ ಮೆಲಿತ್ತಾ, ಕುಂಚದಿಂದ ಕಣ್ಣೆತ್ತದೆ. "ನಾಯಿ ಪಾತಾಳದಿಂದ ಈಗಷ್ಟೇ ಹೊರಗೆ ಬರ್ತಿದೆ. ಒಂದು ತಲೆ ಇನ್ನೂ ಕತ್ತಲಲ್ಲೇ ಇದೆ."

ತಿಮೊಲಾಸ್ ಬಗ್ಗಿ ಆ ಕಪ್ಪನ್ನೇ ದಿಟ್ಟಿಸುತ್ತಾನೆ. ಮೆಲ್ಲಗೆ ಬೆರಳು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. "ಕಾಣದೇ ಇರೋದೇ ಕಚ್ಚೋದು" ಎಂದು ಗೊಣಗಿ, ಹೂಜಿಯನ್ನು ರಾಜನಿರುವ ಬದಿಯಿಂದ ಎತ್ತಿಕೊಳ್ಳುತ್ತಾನೆ. ಹೋಗುವಾಗ ಇಂಥದೇ ಇನ್ನೆರಡು ಬೇಕು, ಎರಡೇ ತಲೆಯದು, ಎಂದು ಹೇಳಿ ಹೋಗುತ್ತಾನೆ.

ಮಧ್ಯಾಹ್ನದ ಹೊತ್ತಿಗೆ ಫಿಲಿನೋಸ್ ಪಕ್ಕದ ಅಂಗಡಿಯಲ್ಲಿ ಇದು ತನಗೆ ಹೊಳೆದ ಉಪಾಯ ಎಂದು ಹೇಳುತ್ತಿರುವುದು ಕೇಳಿಸುತ್ತದೆ. ಮಣ್ಣು ತುಳಿಯುವ ಮಾತು ಮತ್ತೆ ಬರುವುದಿಲ್ಲ. ಹೂಜಿಯ ಮೇಲೆ ನಿನ್ನ ಹೆಸರೂ ಇರಬೇಕು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಒಣಗಿದ ರೊಟ್ಟಿಯನ್ನು ನೀರಿಗೆ ಅದ್ದುತ್ತಾ ಮೆಲಿತ್ತಾ ನಗುತ್ತಾಳೆ.

"ಅವನ ಹೆಸರೇ ಇರಲಿ ಬಿಡು. ಎರಡು ತಲೆ ಅವನು ಬರೆದದ್ದು ತಾನೇ? ಮೂರನೇದು ನಂದು."