ಮಡಿಲಿಗೆ ಹಾಕಿದ ಗಿಡ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ನಮ್ಮ ಪೊನ್ಕುಳಿಯ ಕಡೆ ಬಂದಿರಲಾರರು. ಬಂದಿದ್ದರೆ ನಮ್ಮವ್ವ ಅವರಿಗೆ ಹಳದಿಕೊನ್ನೆಯ ಗಿಡ ತೋರಿಸುತ್ತಿದ್ದಳು. ನಮ್ಮ ಆಡು ಅದನ್ನು ಮೂಸಿ, ಮುಖ ತಿರುಗಿಸಿ, ಬೇಲಿಯ ಮೇಲೆ ಒಣಹಾಕಿದ್ದ ಅಪ್ಪನ ಲುಂಗಿ ಅಗಿಯಲು ಹೋಗಿತ್ತು.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಸೊಸೆಯನ್ನು ಸಿಂಗರಿಸುವ ಹಾಗೆ ಹೊಸ ಜಿಲ್ಲೆಯನ್ನು ಸಿಂಗರಿಸುವ ಆಸೆ ಎಲ್ಲರಿಗೂ. ಒಂದು ದಿನ ಜೀಪಿನಲ್ಲಿ ಬಂದವರು ರಸ್ತೆಬದಿಯ ಮನೆಗಳಿಗೆ ಸಸಿ ಹಂಚಿದರು. ಬೇಗ ಬೆಳೆಯುತ್ತದೆ, ಮೈತುಂಬ ಹಳದಿ ಹೂ ಬಿಡುತ್ತದೆ, ಯಾವ ಪ್ರಾಣಿಯೂ ತಿನ್ನುವುದಿಲ್ಲ ಎಂದರು. ಅವ್ವನಿಗೆ ಆ ಕೊನೆಯ ಮಾತೇ ಸಾಕಾಯಿತು. ಗುಂಡ್ಲುಪೇಟೆ ಸೀಮೆಯಿಂದ ಬಂದು ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡವರಿಗೆ ಆ ಮಾತಿನ ಬೆಲೆ ಗೊತ್ತು. ಅವರೆ ಹಾಕಿದರೆ ಜಿಂಕೆ, ಗೆಣಸು ಹಾಕಿದರೆ ಹಂದಿ, ಬಾಳೆ ಹಾಕಿದರೆ ಆನೆ. ಅವ್ವ ನೆಟ್ಟದ್ದರಲ್ಲಿ ಅವ್ವನಿಗೆ ಉಳಿಯುತ್ತಿದ್ದುದು ಕಡಿಮೆ.

"ದನ ಮೂಸದ ಮರ ಯಾತಕ್ಕಮ್ಮಿ?" ಎಂದು ಅಪ್ಪ ರೇಗಿಸಿದ.

"ಮೂಸಲ್ಲ ಅಂತ್ಲೇ ಬೇಕು. ನೀವ್ ಸುಮ್ಕಿರಿ," ಎಂದಳು ಅವ್ವ.

ಪರಿಸರ ಎಂಬ ಪದ ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವನ ಬೈಗುಳ ಇತ್ತು. ಒಲೆಗೆ ತಾನಾಗಿ ಬಿದ್ದ ಒಣಪುಳ್ಳೆ ಮಾತ್ರ. ಹಸಿರು ಕೊಂಬೆ ಮುರಿದವರ ಬೆನ್ನಿಗೆ ಗುದ್ದು. ಅಪ್ಪ ರಸ್ತೆಬದಿಯಲ್ಲಿ ಇಟ್ಟಿದ್ದ ಚಹಾ ಅಂಗಡಿಯ ತಿಂಡಿಗೆ ಬಾಳೆ ಎಲೆಯೇ. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರನ್ನು ನಾವೆಲ್ಲ ಕೊಡದಲ್ಲಿ ಹೊತ್ತು ಸಸಿಗಳಿಗೆ ಹುಯ್ಯಬೇಕು. ಅಂಗಳದಲ್ಲಿ ಜಾಗ ತುಂಬಿದ ಮೇಲೆ ಅವ್ವ ಮಿಕ್ಕಿದ್ದನ್ನು ರಸ್ತೆಯಾಚೆ ಕಾಡಂಚಿನಲ್ಲಿ ನೆಟ್ಟಿದ್ದಳು. ಅಲ್ಲಿಗೂ ನಮ್ಮ ಕೊಡ ಹೋಗುತ್ತಿತ್ತು. ಮೊದಲ ಹೂ ಬಿಟ್ಟಾಗ ಅವ್ವ ಬಸ್ಸಿನವರೂ ನೋಡಲಿ ಎಂದು ರಸ್ತೆ ಗುಡಿಸಿದಳು.

ಅಕ್ಕನನ್ನು ಜಿಲ್ಲೆಯ ಇನ್ನೊಂದು ತುದಿಯ ವೆಳ್ಳಮುಂಡಕ್ಕೆ ಕೊಟ್ಟಿತ್ತು. ತವರಿಗೆ ಬಂದ ಮಗಳು ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಮಡಿಲು ತುಂಬಬೇಕಲ್ಲ, ಅವ್ವ ಅದರ ಮೇಲೊಂದು ಹಳದಿಕೊನ್ನೆಯ ಸಸಿಯನ್ನೂ ಇಡುತ್ತಿದ್ದಳು. ಇದು ಯಾವ ಶಾಸ್ತ್ರವೂ ಅಲ್ಲ, ಅವ್ವನದೇ ಸೇರಿಕೆ. ಅಕ್ಕ ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಗದ್ದೆಯ ಬದಿಯಲ್ಲಿ ಹರಿಯುವ ಸಣ್ಣ ತೋಡಿನ ದಡದಲ್ಲಿ ನೆಡುತ್ತಿದ್ದಳು. ಹೆಚ್ಚಿನವು ಮಳೆಗೆ ಕೊಚ್ಚಿಹೋದವು. ಒಂದು ಮಾತ್ರ ಮನೆಯ ಮಾಡಿಗಿಂತ ಎತ್ತರ ಬೆಳೆಯಿತು. ಗಂಡನ ಮನೆಯಲ್ಲಿ ಮನಸ್ಸಿಗೆ ನೋವಾದಾಗ ಅದರ ಬುಡದಲ್ಲಿ ಕೂತರೆ ಅವ್ವನ ಹತ್ತಿರ ಕೂತ ಹಾಗೆ ಎಂದು ಅಕ್ಕ ನನಗೆ ಹೇಳಿದ್ದಳು.

ತಪ್ಪಾಗಿದೆ ಎಂದು ಮೊದಲು ಕಂಡದ್ದು ಅವ್ವನಿಗೇ, ಎಷ್ಟೋ ವರ್ಷದ ಮೇಲೆ. ಮೇಯಲು ಹೋದ ಹಸು ಹಸಿದ ಹೊಟ್ಟೆಯಲ್ಲೇ ವಾಪಸು ಬಂತು. ಅವ್ವ ಹೋಗಿ ನೋಡಿದರೆ ರಸ್ತೆಯಾಚೆ ತಾನು ನೆಟ್ಟ ಮರಗಳ ಕೆಳಗೆ ಒಂದು ಎಳೆ ಹುಲ್ಲಿಲ್ಲ. ಬಿದಿರು ಇದ್ದ ಕಡೆಯೂ ಅವುಗಳ ಬೀಜ ಬಿದ್ದು ಮರಿಗಳು ಎದ್ದಿದ್ದವು. ಕಾಡಿನಲ್ಲಿ ಮೇವಿಲ್ಲದ ಜಿಂಕೆ, ಆನೆ ಊರಿನ ಗದ್ದೆಗಳಿಗೆ ಇನ್ನಷ್ಟು ಇಳಿದವು. ಯಾರೂ ತಿನ್ನದ ಮರ ಉಳಿದವರ ಅನ್ನವನ್ನೆಲ್ಲ ತಿಂದಿತ್ತು.

ಅಂಗಳದ ಮರಗಳನ್ನು ಕಡಿಸಿದೆವು. ಮಳೆ ಬಿದ್ದದ್ದೇ ತಡ, ಒಂದೊಂದು ಬುಡದಿಂದ ಒಂದು ಹೊರೆ ಚಿಗುರು ಬಂತು. ತೊಗಟೆ ಸುತ್ತಲೂ ಸುಲಿದು ನಿಂತಲ್ಲೇ ಒಣಗಿಸಬೇಕು, ಮರಿಗಳನ್ನು ಬೇರುಸಹಿತ ಕೀಳಬೇಕು ಎಂದು ಗೊತ್ತಿದ್ದವರು ಹೇಳಿದರು. ಮನೆಮಂದಿಯೆಲ್ಲ ಕಿತ್ತೆವು. ನಮ್ಮ ನೆಲದಲ್ಲಿ ಕೀಳಬಹುದು, ರಸ್ತೆಯಾಚೆಯದು? ಅವ್ವ ಮಚ್ಚು ಹಿಡಿದು ಹೊರಟೇಬಿಟ್ಟಳು. ಕಾಡಿನ ಗಾರ್ಡ್ ಒಳ್ಳೆಯವನೇ, ಆದರೂ ಅಡ್ಡ ನಿಂತ.

"ಅಮ್ಮೇ, ಕತ್ತಿ ತಕೊಂಡು ಒಳಗೆ ಹೋದರೆ ಕೇಸಾಗ್ತದೆ."

"ನಾನೇ ನೆಟ್ಟಿದ್ದು ಕನಪ್ಪ. ನಾನೇ ನೀರು ಹುಯ್ದಿದ್ದು."

"ಸರಿ. ಆದರೆ ನೆಲ ಕಾಡಿನದಲ್ವಾ ಅಮ್ಮೇ?"

ಅವ್ವ ಮಚ್ಚನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸು ನಡೆದಳು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಆ ವಾರವೇ ಅವ್ವ ನನ್ನನ್ನು ಕರೆದುಕೊಂಡು ವೆಳ್ಳಮುಂಡಕ್ಕೆ ಹೋದಳು. ಅಲ್ಲಿ ತಡೆಯುವ ಗಾರ್ಡ್ ಇರಲಿಲ್ಲ, ಅಕ್ಕ ಇದ್ದಳು.

"ನನ್ನ ಮಡಿಲಿಗೆ ಹಾಕಿದ್ದನ್ನ ನೀನೇ ಸುಲೀತೀಯವ್ವಾ?"

"ಹಾಕಿದವಳು ನಾನೇ ಅಲ್ವಾ ಮಗ."

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ಹೆಗಲೆತ್ತರದಿಂದ ಬುಡದವರೆಗೆ ತೊಗಟೆ ಸುಲಿದಳು. ನಾನು ತೋಡಿಗಿಳಿದು ಮರಿ ಕೀಳತೊಡಗಿದೆ. ಕೀಳುತ್ತ ತಲೆಯೆತ್ತಿ ನೋಡಿದರೆ ತೋಡು ತಿರುಗುವವರೆಗೂ ಎರಡೂ ದಡದಲ್ಲಿ ಅದೇ ಎಲೆ. ಅವ್ವನಿಗೆ ಅದನ್ನು ತೋರಿಸಬೇಕಾಗಿರಲಿಲ್ಲ. ಅವಳಿಗೂ ಕಣ್ಣಿದ್ದವು.

ಆ ಮರ ಒಣಗಿದ ಮೇಲೆ ಅಕ್ಕ ತವರಿಗೆ ಬಂದದ್ದು ಮುಂದಿನ ಯುಗಾದಿಗೆ. ಬೇವು ಬೆಲ್ಲ ತಿಂದೆವು. ಹೊರಡುವಾಗ ಅವ್ವ ಅಕ್ಕಿ, ಬೆಲ್ಲ, ಕಾಯಿ ಹಾಕಿದಳು. ಅಕ್ಕ ಸೆರಗು ಹಿಡಿದುಕೊಂಡೇ ನಿಂತಿದ್ದಳು.

"ಬೇರೆ ಯಾವುದಾದ್ರೂ ಗಿಡ ಕೊಡವ್ವ."

"ಯಾವುದು ಕೊಡ್ಲಿ ಮಗ? ಗಿಡ ಅಂದ್ರೆ ಈಗ ನಂಗೆ ಭಯ."

ಹಿಂದಿನ ದಿನ ಮಳೆ ಬಿದ್ದಿತ್ತು. ಮೆಟ್ಟಿಲ ಬಳಿ ಬಿಟ್ಟಿದ್ದ ಅಕ್ಕನ ಚಪ್ಪಲಿಯ ತಳದಲ್ಲಿ ನಮ್ಮ ಅಂಗಳದ ಮಣ್ಣು ಮೆತ್ತಿಕೊಂಡಿದ್ದುದು ಅವ್ವನ ಕಣ್ಣಿಗೆ ಬಿತ್ತು. ಮೆಟ್ಟಿಲಲ್ಲಿ ಕುಕ್ಕರಿಸಿ, ಚಂಬಿನ ನೀರು ಹುಯ್ದು, ಆ ಮರದ ಒಂದು ಬೀಜವೂ ಜೊತೆಗೆ ಹೋಗಬಾರದೆಂದು ಬೆರಳಿನಿಂದ ಕೆರೆದು ಕೆರೆದು ಮಗಳ ಚಪ್ಪಲಿ ತೊಳೆಯತೊಡಗಿದಳು.

"ಬ್ಯಾಡವ್ವ, ಚಪ್ಪಲಿ ಮುಟ್ಟಬ್ಯಾಡ," ಎಂದು ಅಕ್ಕ ಅಳುತ್ತಿದ್ದಳು. ಎರಡೂ ಕೈಯಲ್ಲಿ ತುಂಬಿದ ಮಡಿಲು ಹಿಡಿದಿದ್ದರಿಂದ ಬಗ್ಗಿ ತಡೆಯಲು ಅವಳಿಂದ ಆಗಲಿಲ್ಲ.