ಆವಿಯೊಳಗಿನ ಕೂಗು

ಹೊಸಪೇಟೆಯ ಬಸ್ ನಿಲ್ದಾಣದ ಹಿಂದೆ, ಬಟ್ಟೆ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದು ದೊಡ್ಡ ಮಾತು. ನಕಲು ಮಾಡಿ ತೋರಿಸುತ್ತೇನೆ. ಬಿಸಿಲಿಗೆ ಬಾಡಿದ ವಿದೇಶಿಯರ ಮುಂದೆ ಇತಿಹಾಸ ಒಪ್ಪಿಸುವ ಹಂಪಿ ಗೈಡು, "ಹಿಂದ ಒಂದು ಮನೀನ ಖಾಲಿ ಐತಿ, ಸರೀರಿ" ಎಂದು ಜನರನ್ನು ತುಂಬುವ ಸಂಡೂರು ಬಸ್ಸಿನ ಕಂಡಕ್ಟರು, ಮತ್ತೆ ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ಕೆಮ್ಮುವ ನಾನು: ಯಾರನ್ನೂ ಬಿಟ್ಟಿಲ್ಲ.

ಈ ವರ್ಷ ಒಂದು ದಿನ ಪಾಠದಲ್ಲಿ ಇವ್ಯಾಪೊರೇಟ್ ಎಂಬ ಪದ ಬಂತು. ಮೊದಲನೇ ಅರ್ಥ ಸುಲಭ. ನೀರು ಕಾಯುತ್ತದೆ, ಆವಿಯಾಗುತ್ತದೆ. ಕೆಟಲಿನ ಹಾಗೆ ಸಿಳ್ಳೆ ಹಾಕಿದೆ, ಎಲ್ಲರೂ ನಕ್ಕರು. ಎರಡನೇ ಅರ್ಥಕ್ಕೆ, "ಧೈರ್ಯ, ಆಸೆ, ನಂಬಿಕೆ ಇಂಥವು ಇದ್ದಕ್ಕಿದ್ದಂತೆ ಇಲ್ಲದಂತಾಗುವುದು" ಎಂದೆ. ದೋಣಿಮಲೈಯಿಂದ ಬರುವ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು ಕೇಳಿದಳು: "ಸರ್, ನೀರು ಆವಿಯಾದ್ರ ಮಳಿಯಾಗಿ ವಾಪಸ್ ಬರ್ತೈತಿ. ಈ ಎರಡನೇದು ಬರ್ತೈತೇನ್ರಿ?"

"ಸೋಮವಾರ ಹೇಳ್ತೀನಿ" ಎಂದು ತರಗತಿ ಮುಗಿಸಿದೆ. ನನಗೆ ನೆನಪಾದದ್ದು ಕಂಪ್ಲಿಯ ಆಲೆಮನೆ.

ನನ್ನ ತಾಯಿಯ ತಮ್ಮ, ಅಂದರೆ ನನ್ನ ಸೋದರಮಾವ, ಕಂಪ್ಲಿ ಹತ್ತಿರದ ಆಲೆಮನೆಯಲ್ಲಿ ಪಾಕ ನೋಡುವವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು, ನೀರೆಲ್ಲ ಹೋಗಿ, ಬೆಲ್ಲವಾಗುವ ಗಳಿಗೆಯನ್ನು ಹಿಡಿಯುವುದು ಅವನ ಕೆಲಸ. ಚಿಟಿಕೆ ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸುತ್ತಿದ್ದ, ಕಿವಿಗೊಟ್ಟು ಕುದಿಯ ಸದ್ದು ಕೇಳುತ್ತಿದ್ದ. ಗಳಿಗೆ ಬಂತೆಂದರೆ ಒಂದೇ ಕೂಗು: "ಎತ್ರಲೇ!" ಕೊನೆಯ ಅಕ್ಷರ ಎಳೆದು, ಸ್ವಲ್ಪ ಮೂಗಿನಿಂದ. ನಾಲ್ಕು ಜನ ಕೊಪ್ಪರಿಗೆಯನ್ನು ಒಲೆಯಿಂದ ಎತ್ತಿ ಮರದ ತೊಟ್ಟಿಗೆ ಸುರಿಯುತ್ತಿದ್ದರು. ಆ ಹೊತ್ತಿಗೆ ಚಪ್ಪರದ ತುಂಬ ಎಂಥ ಆವಿ ಅಂದರೆ, ಪಕ್ಕದಲ್ಲಿ ನಿಂತವನ ಮುಖ ಕಾಣುತ್ತಿರಲಿಲ್ಲ. ಕೂಗನ್ನು ಕೇಳಿ ಎತ್ತಬೇಕು. ಮಾವನ ದನಿ ಬಂದರೆ ಯಾರೂ ಎರಡನೇ ಸಲ ಯೋಚಿಸುತ್ತಿರಲಿಲ್ಲ.

ನಾನಾಗ ಡಿಗ್ರಿ ಎರಡನೇ ವರ್ಷದವನು. ರಜೆಯಲ್ಲಿ ಹೋಗಿ ಬಿಸಿ ಬೆಲ್ಲ ತಿಂದುಕೊಂಡು ಬಿದ್ದಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಆ ನಾಲ್ವರ ಮುಂದೆ ಆಲೆಮನೆಯ ಸಾವ್ಕಾರನ ನಕಲು ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಬಲಗಿವಿಗೆ ಕಡುಕು ಹಾಕಿದ್ದ ಹಿರಿಯ ಕೇಳಿದ: "ನಿಮ್ಮ ಮಾವನ್ನ ಮಾಡು, ನೋಡೂನು."

"ಮಾವನ್ನ ಮಾಡಾಕ ಬರಂಗಿಲ್ಲ, ಕಾಕಾ. ಆ ದನಿ ಭಾಳ ಕಷ್ಟ."

ಸುಳ್ಳು. ಬಚ್ಚಲಲ್ಲಿ ನಾಲ್ಕು ದಿನ ಅದನ್ನೇ ಮಾಡಿದ್ದೆ. ಒಳ್ಳೆಯ ಗಳಿಗೆಗೆಂದು ಉಳಿಸಿಕೊಂಡಿದ್ದೆ.

ಮಧ್ಯಾಹ್ನದ ಕೊಪ್ಪರಿಗೆ ಕುದಿಯುತ್ತಿತ್ತು. ಮಾವ ಆಚೆ ಬದಿಯಲ್ಲಿ ತಣ್ಣೀರಿನ ಬೋಗುಣಿಯ ಮೇಲೆ ಬಗ್ಗಿದ್ದಾನೆಂದು ಅಂದಾಜಿತ್ತು, ಕಾಣುತ್ತಿರಲಿಲ್ಲ. ನಾನು ಮೂಗು ಸರಿಮಾಡಿಕೊಂಡು ಕೂಗಿದೆ: "ಎತ್ರಲೇ!" ಅವರು ನಗುತ್ತಾರೆ, ಒಬ್ಬ ಬೈಯುತ್ತಾನೆ ಎಂದುಕೊಂಡಿದ್ದೆ. ಅವರು ಎತ್ತಿಬಿಟ್ಟರು. ಅಷ್ಟು ಚೆನ್ನಾಗಿ ಬಂದಿತ್ತು. ನಿಜ ಹೇಳುತ್ತೇನೆ, ಆ ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು.

ಮಾವ ಓಡಿ ಬರುವಷ್ಟರಲ್ಲಿ ಪಾಕ ತೊಟ್ಟಿಯಲ್ಲಿ ತಿಳಿಸಾರಿನಂತೆ ಹರಡಿಕೊಂಡಿತ್ತು. ಸಂಜೆಯವರೆಗೂ ಗಟ್ಟಿಯಾಗಲಿಲ್ಲ.

ಸಾವ್ಕಾರ ಬಂದು ಬೆರಳಿಟ್ಟು ನೋಡಿದ. "ಯಾವನಲೇ ಕೂಗಿದ್ದು?"

ನಾಲ್ವರೂ ಮಾವನ ಕಡೆ ನೋಡಿದರು. ಮಾವ ನನ್ನ ಕಡೆ ನೋಡಿದ. ಬಹಳ ಹೊತ್ತಲ್ಲ, ಒಂದು ಉಸಿರಿನಷ್ಟು. ನಾನು ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಏನೋ ಹುಡುಕುತ್ತಿದ್ದೆ.

"ನಾನ ರೀ, ಸಾವ್ಕಾರ್ರ. ಅಂದಾಜು ತಪ್ಪಿತು."

ಬೈಗುಳ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಸಾವ್ಕಾರ ಒಂದು ಥರ್ಮಾಮೀಟರ್ ತಂದು ಕಂಬಕ್ಕೆ ನೇತುಹಾಕಿದನಂತೆ. ಅವತ್ತು ಮನೆಗೆ ಹಿಂತಿರುಗುವಾಗ ಮಾವ ನನ್ನನ್ನು ಏನೂ ಕೇಳಲಿಲ್ಲ. ಸಿಟ್ಟೂ ಆರಿಹೋಯಿತು ಎಂದುಕೊಂಡು ನಾನು ಹೊಸಪೇಟೆಯ ಬಸ್ಸು ಹತ್ತಿದೆ. ಆಮೇಲೆ ಸುಗ್ಗಿ ಬಂದಾಗಲೆಲ್ಲ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡೆ.

ಆ ಹುಡುಗಿ ಕೇಳಿದ ಮೇಲೆ ಬಂದ ಭಾನುವಾರ ಕಂಪ್ಲಿಗೆ ಹೋದೆ. ಆ ನಾಲ್ವರ ಮುಂದೆ ನಿಂತು, ಕೂಗಿದ್ದು ನಾನು ಎಂದು ಹೇಳಿ ಮಾವನ ಹೆಸರು ಸರಿಮಾಡಬೇಕು ಎಂಬ ಹುಮ್ಮಸ್ಸು. ನಾಲ್ವರಲ್ಲಿ ಕಡುಕಿನ ಕಾಕಾ ಒಬ್ಬನೇ ಉಳಿದಿದ್ದ. ಉಳಿದವರು ಅಕ್ಕಿ ಗಿರಣಿಯ ಕೆಲಸಕ್ಕೆ ಸೇರಿದ್ದರು. ಹೊಸಬರು ಮೂವರು. ಮಾವನ ತಲೆ ನರೆತಿತ್ತು. ಎಲ್ಲರೂ ಇರುವಾಗಲೇ ಹೇಳಿದೆ: "ಕಾಕಾ, ಅವತ್ತು ಪಾಕ ಕೆಟ್ಟಿದ್ದು ಮಾವನಿಂದ ಅಲ್ಲ. ಕೂಗಿದ್ದು ನಾನು."

ಕಾಕಾ ಬಾಯಿಂದ ಬೀಡಿ ತೆಗೆದು ನಕ್ಕ. "ಏ, ಬಿಡಲೇ. ಮಾವನ ತಪ್ಪು ಮುಚ್ಚಾಕ ಬಂದೀಯೇನು? ಛಲೋ ಅಳಿಯ. ಅವತ್ತು ನೀನ ಹೇಳಿದ್ದಿ, ಮಾವನ್ನ ಮಾಡಾಕ ಬರಂಗಿಲ್ಲಂತ."

"ಸುಳ್ಳು ಹೇಳಿದ್ದೆ, ಕಾಕಾ."

"ಅವತ್ತು ಸುಳ್ಳೋ, ಇವತ್ತು ಸುಳ್ಳೋ? ನಿಂದು ಹೆಂಗ ತಿಳೀಬೇಕಪಾ! ಹಂಗಾದ್ರ ಕೂಗು, ನೋಡೂನು."

ಕೂಗಿದೆ. ಇಷ್ಟು ವರ್ಷ ತರಗತಿಯಲ್ಲಿ ಅರಚಿ ಅರಚಿ ನನ್ನ ಗಂಟಲು ಬೇರೆಯಾಗಿತ್ತು. ಬಂದದ್ದು ಮಾವನ ದನಿಯಲ್ಲ. ಸಂಡೂರು ಕಂಡಕ್ಟರನದು. ಎಲ್ಲರೂ ನಕ್ಕರು. ಜೀವನದಲ್ಲಿ ಮೊದಲ ಸಲ ನನಗೆ ಆ ನಗು ಬೇಡವಾಗಿತ್ತು. ಇನ್ನೊಮ್ಮೆ ಕೂಗಲು ಬಾಯಿ ತೆರೆದೆ. ಮಾವ ಭುಜದ ಮೇಲೆ ಕೈಯಿಟ್ಟ.

"ಸಾಕು ಬಿಡು, ಅಳಿಯ. ನನಗ ಅವತ್ತ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ, ಮಾವ?"

"ನೀನ ಹೇಳ್ತಿ ಅಂತ ಕಾದೆ" ಎಂದ. ಅಷ್ಟು ಹೇಳಿ ಕೊಪ್ಪರಿಗೆಯತ್ತ ನಡೆದ.

ಚಪ್ಪರ ಮತ್ತೆ ಆವಿಯಿಂದ ತುಂಬಿತು. ಬೋಗುಣಿಯಲ್ಲಿ ಬೆರಳು ಅದ್ದುವ ಸದ್ದು ಕೇಳಿಸಿತು. ಆಮೇಲೆ ಅದೇ ಕೂಗು, ಎಳೆದು, ಮೂಗಿನಿಂದ: "ಎತ್ರಲೇ!"

ಯಾರೂ ಎತ್ತಲಿಲ್ಲ. ಕಾಕಾ ಕಂಬದವರೆಗೆ ನಡೆದುಹೋಗಿ ಥರ್ಮಾಮೀಟರ್ ತಂದ. ಪಾಕಕ್ಕೆ ಅದ್ದಿ, ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಹೂಂ, ಬರೋಬ್ಬರಿ ಐತಿ. ಎತ್ರಿ" ಎಂದ. ಆಗ ಎತ್ತಿದರು.

ಮಾವ ಬೋಗುಣಿಯ ನೀರನ್ನು ಹೊರಗೆ ಚೆಲ್ಲಿ, ಮುಂದಿನ ಕೊಪ್ಪರಿಗೆಗೆ ಹೊಸ ನೀರು ತುಂಬಿಕೊಳ್ಳಲು ಹೋದ. ಸೋಮವಾರ ಆ ಹುಡುಗಿ ಮೊದಲ ಸಾಲಿನಲ್ಲೇ ಕೂತಿದ್ದಳು. ಯಾರ ದನಿಯನ್ನೂ ಮಾಡದೆ ನನ್ನದರಲ್ಲೇ ಹೇಳಿದೆ: "ಆ ಎರಡನೇದು, ನಾನು ನೋಡಿದ್ದು, ವಾಪಸ್ ಬರಲಿಲ್ಲಮ್ಮ."